“ಇನ್ನೊಂದ್ಸಲ ಆ ಪೈಪ್ ಹಾಕಿಸ್ಬೇಡ ಮಗಾ”

(ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.)

ನನ್ನ ಹತ್ತಿರ ಸಲಹೆ ಕೇಳಲು ಬಂದವರು ಸಣ್ಣ ದಿನಸಿ ಅಂಗಡಿ ಇಟ್ಟುಕೊಂಡಿರುವ ಮಗ. ಅಪ್ಪನಿಗೆ ಎಪ್ಪತ್ತು ದಾಟಿದೆ. ಬೀಡಿಯಿಂದ ಶ್ವಾಸಕೋಶ ಹಾಳಾಗಿ ಸಿಒಪಿಡಿ (ಉಸಿರಾಟ ಕಷ್ಟವಾಗುತ್ತಾ ಹೋಗುವ, ವಾಸಿಯಾಗದ ಶ್ವಾಸಕೋಶದ ಕಾಯಿಲೆ) ಕೊನೆಯ ಹಂತಕ್ಕೆ ಬಂದಿದೆ. ಹಿಂದಿನ ಸಲ ಐಸಿಯುನಲ್ಲಿ ಗಂಟಲೊಳಗೆ ಪೈಪ್ ಇಳಿಸಿ ವೆಂಟಿಲೇಟರ್ (ಉಸಿರಾಡಿಸುವ ಯಂತ್ರ) ಹಾಕಿದ್ದರು. ಪೈಪ್ ಕಿತ್ತುಕೊಳ್ಳಬಾರದು ಅಂತ ಎರಡೂ ಕೈಗಳನ್ನು ಬ್ಯಾಂಡೇಜ್ ಬಟ್ಟೆಯಿಂದ ಮಂಚದ ಕಂಬಿಗೆ ಕಟ್ಟಿದ್ದರು. ಮನೆಗೆ ಬಂದ ಮೇಲೂ ಮಣಿಕಟ್ಟು ಸವರಿಕೊಳ್ಳುತ್ತಾ ಅಪ್ಪ ಹೇಳುತ್ತಿದ್ದದ್ದು ಒಂದೇ ಮಾತು: “ಇನ್ನೊಂದ್ಸಲ ಆ ಪೈಪ್ ಹಾಕಿಸ್ಬೇಡ ಮಗಾ.”

ಮಗನ ಸಂಕಟ ಬೇರೆ. “ನಾನು ಬೇಡ ಅಂದ್ರೆ, ದುಡ್ಡು ಉಳಿಸೋಕೆ ಅಪ್ಪನ್ನ ಸಾಯೋಕೆ ಬಿಟ್ಟ ಅಂತಾರೆ ಅಕ್ಕಂದಿರು.”

ಈ ಭಯ ಸುಮ್ನೆ ಹುಟ್ಟಿದ್ದಲ್ಲ. ರೋಗಿಗೆ ಪ್ರಜ್ಞೆ ಇಲ್ಲದಾಗ ಐಸಿಯು ಬಾಗಿಲಲ್ಲಿ ಯಾರೋ ಒಬ್ಬರು ಸಹಿ ಹಾಕಬೇಕು. ಆ ಭಾರ ಅವರನ್ನು ವರ್ಷಗಟ್ಟಲೆ ಕಾಡುತ್ತದೆ. ಅದಕ್ಕೇ ಹೇಳಿದೆ: ಅಪ್ಪನಿಗೆ ಈಗ ಬುದ್ಧಿ ಚುರುಕಾಗಿದೆ, ಮಾತಿದೆ. ತೀರ್ಮಾನ ಅವರದೇ ಆಗಲಿ, ಅಕ್ಕಂದಿರು ಅದನ್ನು ಅಪ್ಪನ ಬಾಯಿಂದಲೇ ಕೇಳಲಿ.

ಎಲ್ಲರೂ ಕೂತಾಗ ಅಪ್ಪ ನನ್ನನ್ನೇ ಕೇಳಿದರು: “ಪೈಪ್ ಬೇಡ ಅಂದ್ರೆ ಉಸಿರು ಕಟ್ಟಿ ಒದ್ದಾಡ್ಬೇಕಾ ಮೇಡಂ?” ಅವರಿಗೆ ಸಾವಿಗಿಂತ ಇದರ ಹೆದರಿಕೆಯೇ ಜಾಸ್ತಿ ಇತ್ತು. ಪೈಪ್ ಬೇಡ ಅಂದರೆ ಚಿಕಿತ್ಸೆಯೇ ಬೇಡ ಅಂತಲ್ಲ. ಉಪಶಾಮಕ ಆರೈಕೆಯ (ವಾಸಿಯಾಗದ ಕಾಯಿಲೆಯಲ್ಲಿ ನೋವು, ಸಂಕಟ ತಗ್ಗಿಸುವ) ವೈದ್ಯರು ಕಡಿಮೆ ಪ್ರಮಾಣದ ಮಾರ್ಫಿನ್ ಕೊಟ್ಟು ಉಸಿರಾಟದ ಸಂಕಟ ಇಳಿಸಬಲ್ಲರು. ಗಂಟಲೊಳಗೆ ಏನೂ ತೂರಿಸದೆ ಮುಖಕ್ಕೆ ಮಾಸ್ಕ್ ಕಟ್ಟಿ ಉಸಿರಾಟಕ್ಕೆ ನೆರವಾಗುವ ಬೈಪ್ಯಾಪ್ ಯಂತ್ರ ಇದೆ. “ಮಾಸ್ಕ್ ಆದ್ರೆ ಸರಿ” ಅಂದರು ಅಪ್ಪ. ದೊಡ್ಡ ಮಗಳು ಅತ್ತಳು. ಆಮೇಲೆ, ಮಾಸ್ಕ್‌ನಲ್ಲಿ ಊಟ ಹೇಗೆ ಅಂತ ಕೇಳಿದಳು.

ಕಾನೂನು ಇವರ ಪರ ಇದೆ. ಘನತೆಯಿಂದ ಸಾಯುವುದು ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ಹೇಳಿತು. 2023ರ ಜನವರಿಯಲ್ಲಿ ಇಂಥ ಇಚ್ಛೆಯನ್ನು ಮುಂಚಿತವಾಗಿ ಬರೆದಿಡುವ, ಜಾರಿಗೆ ತರುವ ವಿಧಾನವನ್ನು ಸುಲಭ ಮಾಡಿತು. ಕರ್ನಾಟಕ ಸರ್ಕಾರ 2025ರ ಜನವರಿ 30ರಂದು ಇದರ ಜಾರಿಗೆ ಸುತ್ತೋಲೆ ಹೊರಡಿಸಿದೆ. ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ತನಗೆ ಪ್ರಜ್ಞೆ ಇಲ್ಲದಾಗ ಯಾರು ನಿರ್ಧರಿಸಬೇಕು ಅಂತ ಅಪ್ಪ ಒಂದು ಪತ್ರ (ಲಿವಿಂಗ್ ವಿಲ್) ಬರೆಸಬೇಕು. ಇಬ್ಬರು ಸಾಕ್ಷಿಗಳ ಮುಂದೆ ಸಹಿ, ಆಮೇಲೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ. ಸಾಕ್ಷಿಗಳು ಮನೆಯವರಲ್ಲದಿದ್ದರೆ ಒಳ್ಳೆಯದು. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಬರೆದುಕೊಟ್ಟು ಹಿಂಪಡೆಯಬಹುದು.

ಪತ್ರ ಇದ್ದರೂ ಮಗ ಒಬ್ಬನೇ ಹೇಳಿದ ಮಾತ್ರಕ್ಕೆ ಯಾರೂ ವೆಂಟಿಲೇಟರ್ ತೆಗೆಯುವುದಿಲ್ಲ. ಎರಡು ವೈದ್ಯಕೀಯ ಮಂಡಳಿಗಳು ಒಪ್ಪಬೇಕು. ಇದನ್ನು ಕೇಳಿ ಮಗನ ಮುಖ ಸ್ವಲ್ಪ ತಿಳಿಯಾಯಿತು. ಇಂಜೆಕ್ಷನ್ ಕೊಟ್ಟು ಸಾಯಿಸುವುದಕ್ಕೂ ಇದಕ್ಕೂ ಸಂಬಂಧವಿಲ್ಲ, ಅದು ಇಂದಿಗೂ ಅಪರಾಧ ಅಂತ ಅಕ್ಕಂದಿರಿಗೆ ಬಿಡಿಸಿ ಹೇಳಿದೆ.

ಕೊನೆಯದಾಗಿ ಒಂದು ಸಣ್ಣ ಕೆಲಸ ಒಪ್ಪಿಸಿದೆ. ಪತ್ರದ ಒಂದು ಪ್ರತಿಯನ್ನು ಅಪ್ಪನನ್ನು ನೋಡಿಕೊಳ್ಳುವ ವೈದ್ಯರಿಗೆ ಕೊಡಿ. ಇನ್ನೊಂದನ್ನು ಬೀರುವಿನಲ್ಲಿ ಇಡಬೇಡಿ. ರಾತ್ರೋರಾತ್ರಿ ಆಂಬುಲೆನ್ಸ್ ಹತ್ತುವಾಗ ಕೈಗೆ ಸಿಗುವ ಆಸ್ಪತ್ರೆ ಫೈಲ್‌ನಲ್ಲಿ, ಎಲ್ಲದಕ್ಕಿಂತ ಮೇಲೆ ಇಡಿ.