ಬಾಣಂತನಕ್ಕೆ ತವರಿಗೆ ಹೋಗಲೇ, ಐಸಿಯು ಬಾಗಿಲಲ್ಲೇ ಇರಲೇ?

ಪ್ರಶ್ನೆ: ನನಗೆ 29 ವಾರಕ್ಕೇ ಹೆರಿಗೆಯಾಯಿತು. ಗಂಡು ಮಗು, 1,150 ಗ್ರಾಂ. ಒಂಬತ್ತನೆಯ ದಿನ ರಕ್ತದಲ್ಲಿ ಸೋಂಕು ಕಾಣಿಸಿಕೊಂಡು ಮತ್ತೆ ವೆಂಟಿಲೇಟರ್ ಹಾಕಿದ್ದಾರೆ. ಹಸಿ ಬಾಣಂತಿ ಎಸಿ ಗಾಳಿಯಲ್ಲಿ ಕೂರಬಾರದು, ತವರಿಗೆ ಹೋಗು ಎನ್ನುತ್ತಾರೆ ಅತ್ತೆ. ಅವರು ತಮ್ಮ ಮೊದಲ ಮಗುವನ್ನು ಕಳೆದುಕೊಂಡವರು. ಉಳಿದ ಮೇಲೆ ಹೆಸರಿಡೋಣ, ಈಗಲೇ ಹಚ್ಚಿಕೊಳ್ಳಬೇಡ ಎಂದೂ ಹೇಳಿದರು. ನಾಚಿಕೆಯ ಮಾತೆಂದರೆ, ಹೋಗು ಎಂದಾಗ ನನಗೆ ಹಾಯೆನಿಸಿತು. ಆ ನಳಿಕೆಗಳ ನಡುವೆ ಅವನನ್ನು ನೋಡಲಾಗದೆ ಮೂರು ದಿನದಿಂದ ಒಳಗೆ ಹೋಗಿಲ್ಲ. ನಾನೆಂಥ ತಾಯಿ?
– ಹೆಸರು ಬೇಡ, ದಾವಣಗೆರೆ

ಉತ್ತರ: ತಂಗಿ, ಹಾಯೆನಿಸಿದ್ದು ಪ್ರೀತಿ ಇಲ್ಲದ್ದಕ್ಕಲ್ಲ. ಮೈ ಇನ್ನೂ ಹಸಿಯಾಗಿರುವಾಗಲೇ ಯಂತ್ರದ ಒಂದೊಂದು ಸದ್ದಿಗೂ ಬೆಚ್ಚಿಬಿದ್ದ ಜೀವ ಒಂದು ಗಳಿಗೆ ನೆರಳು ಬಯಸಿದೆ. ಆದರೂ ನನ್ನನ್ನು ಕೇಳಿದರೆ, ಊರಿಗೆ ಹೋಗಬೇಡಿ. ಆಸ್ಪತ್ರೆಯ ಹತ್ತಿರವೇ ಒಂದು ಕೋಣೆ ಹಿಡಿಯಿರಿ. ಬಿಸಿಯೂಟ, ನಿದ್ದೆ ಎಲ್ಲ ಅಲ್ಲಿ ಆಗಲಿ. ಬಾಣಂತನ ಮಾಡಲು ಅಮ್ಮನೇ ಅಲ್ಲಿಗೆ ಬರಲಿ.

ಇವತ್ತೇ ಒಳಗೆ ಹೋಗಿ. ಬಳೆ, ಉಂಗುರ ತೆಗೆದು ಮೊಣಕೈವರೆಗೆ ಸೋಪು ಹಚ್ಚಿ ತೊಳೆಯಿರಿ. ನರ್ಸ್ ಅವರನ್ನು ಕೇಳಿಕೊಂಡು, ಒಂದು ಅಂಗೈಯನ್ನು ಮಗುವಿನ ತಲೆಯ ಮೇಲೆ, ಇನ್ನೊಂದನ್ನು ಮಡಚಿದ ಕಾಲುಗಳ ಮೇಲೆ ಇಟ್ಟು ಸುಮ್ಮನಿರಿ. ಸವರಬೇಡಿ. ದಿನ ತುಂಬದ ಮಗುವಿಗೆ ಸವರುವ ಕೈ ಹಿಂಸೆಯಾಗುತ್ತದೆ, ಅಲುಗದ ಬೆಚ್ಚನೆಯ ಕೈ ಹಿತ. ಮೊದಲ ದಿನ ಎರಡು ನಿಮಿಷ ಸಾಕು. ಪರದೆಯ ಮೇಲಿನ ಅಂಕಿಗಳ ಕಡೆ ನೋಡಬೇಡಿ, ಅವನ್ನು ನೋಡುವವರು ಅಲ್ಲಿದ್ದಾರೆ. ಮೆಲ್ಲನೆ ಮಾತನಾಡಿ. ಹೊಟ್ಟೆಯಲ್ಲಿದ್ದಾಗ ಅವನು ಎಲ್ಲಕ್ಕಿಂತ ಹೆಚ್ಚು ಕೇಳಿದ್ದು ನಿಮ್ಮ ದನಿಯನ್ನೇ.

ಇನ್ನೊಂದು ಕೆಲಸ ನಿಮ್ಮಿಂದ ಮಾತ್ರ ಸಾಧ್ಯ. ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ, ಹಾಲು ಹಿಂಡಿ ತೆಗೆಯಿರಿ. ಸೋಂಕಿನಿಂದಾಗಿ ಈಗ ಹಾಲು ನಿಲ್ಲಿಸಿದ್ದರೂ ತೆಗೆಯುವುದನ್ನು ಬಿಡಬೇಡಿ. ಹೇಗೆ ಶೇಖರಿಸಬೇಕೆಂದು ನರ್ಸ್ ತೋರಿಸುತ್ತಾರೆ. ಇಂಥ ಮಕ್ಕಳ ಕರುಳಿಗೆ ಬರುವ ಭೀಕರ ಕಾಯಿಲೆಯ ಅಪಾಯವನ್ನು ತಾಯಿಯ ಹಾಲು ತಗ್ಗಿಸುತ್ತದೆ. ಮೊದಲು ಕೆಲವೇ ಹನಿ ಬಂದರೆ ಅಳಬೇಡಿ, ಅವನ ಹೊಟ್ಟೆಗೂ ನಳಿಕೆಯಲ್ಲಿ ಹೋಗುವುದು ಮಿಲಿಲೀಟರುಗಳ ಲೆಕ್ಕದಲ್ಲೇ.

ಉಸಿರಾಟ ಸುಧಾರಿಸಿದ ಮೇಲೆ ಕಾಂಗರೂ ಆರೈಕೆ, ಅಂದರೆ ಮಗುವನ್ನು ಬರಿ ಎದೆಗೆ ಮೈ ತಾಗುವಂತೆ ಒರಗಿಸಿಕೊಳ್ಳುವುದು, ಯಾವಾಗ ಎಂದು ವೈದ್ಯರನ್ನು ನೀವಾಗಿಯೇ ಕೇಳಿ. 1970ರ ದಶಕದ ಕೊನೆಯಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಇಂಕ್ಯುಬೇಟರ್‌ಗಳು ಸಾಲದೆ ಬಂದಾಗ ವೈದ್ಯರು ಎಳೆಗೂಸುಗಳನ್ನು ತಾಯಂದಿರ ಎದೆಗೆ ಕಟ್ಟಿದರು. ಇಂದು ವಿಶ್ವ ಆರೋಗ್ಯ ಸಂಸ್ಥೆಯೇ ಅದನ್ನು ಶಿಫಾರಸು ಮಾಡುತ್ತದೆ. ಮುಂದೆ ನಿಮ್ಮ ಯಜಮಾನರೂ ಎದೆಗೆ ಹಾಕಿಕೊಳ್ಳಬಹುದು.

ನಿಮ್ಮ ಅತ್ತೆಯ ಮಾತು ಕಲ್ಲಿನಂತೆ ಕೇಳಿಸಿದರೂ ಅದರೊಳಗಿರುವುದು ಹಳೆಯ ನೋವು. ಅವರಿಗೆ ಬರಬಾರದ ಸಂಕಟ ಬಂದಿತ್ತು. ಅದು ನಿಮಗೂ ಬರಬಾರದೆಂದು ಹಚ್ಚಿಕೊಳ್ಳಬೇಡ ಎನ್ನುತ್ತಿದ್ದಾರೆ. ಆದರೆ ನೀವು ಆಗಲೇ ಹಚ್ಚಿಕೊಂಡಾಗಿದೆ, ಇಲ್ಲದಿದ್ದರೆ ಈ ಪತ್ರ ಬರುತ್ತಿರಲಿಲ್ಲ. ಮಗು ಉಳಿಯುತ್ತದೆ ಎಂದು ನಾನು ಮಾತು ಕೊಡಲಾರೆ. ಉಳಿಯಲಿ ಎಂದು ಮನಸಾರೆ ಬಯಸುತ್ತೇನೆ. ಶಾಸ್ತ್ರದ ನಾಮಕರಣ ಆಮೇಲಾಗಲಿ, ಕೂಗಲು ಒಂದು ಹೆಸರನ್ನು ನೀವಿಬ್ಬರೂ ಇಂದೇ ಇಟ್ಟುಕೊಳ್ಳಿ. ಅತ್ತೆಯನ್ನೂ ಒಮ್ಮೆ ಕರೆದೊಯ್ದು ತೋರಿಸಿ. ಅವರು ತಮ್ಮ ಮಗುವಿನ ಬಗ್ಗೆ ಮಾತು ತೆಗೆದರೆ ಕೇಳಿಸಿಕೊಳ್ಳಿ.

ಬಸ್ಸಿನಲ್ಲಿ ಓಡಾಡಿದ್ದಕ್ಕೆ, ಏನೋ ತಿಂದಿದ್ದಕ್ಕೆ ಹೀಗಾಯಿತು ಎನ್ನುವವರು ಬರುತ್ತಾರೆ. ಅನೇಕ ಬಾರಿ ಅವಧಿಪೂರ್ವ ಹೆರಿಗೆಗೆ ಕಾರಣ ವೈದ್ಯರಿಗೂ ಸಿಗುವುದಿಲ್ಲ. ಹಾಗೆನ್ನುವವರಿಗೆ ಉತ್ತರ ಕೊಡುತ್ತಾ ಕೂರಬೇಡಿ.

ನಿಮ್ಮನ್ನೂ ನೋಡಿಕೊಳ್ಳಿ. ಅಳು ನಿಲ್ಲದಿದ್ದರೆ, ಸಮಯ ಸಿಕ್ಕರೂ ನಿದ್ದೆ ಬಾರದಿದ್ದರೆ, ಬದುಕುವುದೇ ಬೇಡ ಎಂಬ ಯೋಚನೆ ಸುಳಿದರೆ ತಡಮಾಡದೆ ನಿಮ್ಮ ವೈದ್ಯರಿಗೆ ಹೇಳಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ಯಜಮಾನರ ಮೊಬೈಲಿನಲ್ಲೂ ಆ ಸಂಖ್ಯೆ ಇರಲಿ.