ಹಣೆಯ ಮೇಲಿನ ಸಿಗ್ನಲ್ ಮಿದುಳಿನದೋ, ಸ್ನಾಯುವಿನದೋ?

ಹಣೆಗೆ ಎರಡು ಉಕ್ಕಿನ ಗುಂಡಿಗಳನ್ನು ಪಟ್ಟಿಯಿಂದ ಬಿಗಿದು, ಏಕಾಗ್ರತೆಯಿಂದ ಯೋಚಿಸಿದಾಗ ಎಲ್‌ಇಡಿ ಹೊತ್ತಿಕೊಳ್ಳುತ್ತದೆ ಎಂದು ಬರೆದಿದ್ದೀರಿ. ಇದು ಮಿದುಳಿನ ಸಿಗ್ನಲ್ ಹೌದೇ, ಇನ್ನೂ ಸ್ಪಷ್ಟವಾಗಿ ಪಡೆಯಲು ಮಿದುಳಿನೊಳಗೇ ಎಲೆಕ್ಟ್ರೋಡ್ ಬೇಕೇ ಎಂದೂ ಕೇಳಿದ್ದೀರಿ. ನೀವು ಹಾಕಿರುವ ಅಲೆಯ ಚಿತ್ರವನ್ನು ನೋಡಿದರೆ, ಅದು ಬಹುಮಟ್ಟಿಗೆ ನಿಮ್ಮ ಹುಬ್ಬಿನ ಸ್ನಾಯುವಿನದು ಎಂದೇ ನನಗೆ ತೋರುತ್ತದೆ. ಗಾಢವಾಗಿ ಯೋಚಿಸುವಾಗ ನಾವು ಅರಿವಿಲ್ಲದೆ ಹುಬ್ಬು ಗಂಟಿಕ್ಕುತ್ತೇವೆ, ಹಲ್ಲು ಕಚ್ಚುತ್ತೇವೆ. ತುಟಿಗಳನ್ನು ತುಸು ತೆರೆದು, ಮುಖವನ್ನು ಸಡಿಲ ಬಿಟ್ಟು, ನೂರರಿಂದ ಏಳೇಳನ್ನು ಕಳೆಯುತ್ತಾ ಬನ್ನಿ. ಆಮೇಲೆ ಏನನ್ನೂ ಯೋಚಿಸದೆ ಹಲ್ಲು ಕಚ್ಚಿ. ಎರಡನೆಯದಕ್ಕೆ ಮಾತ್ರ ದೀಪ ಹೊತ್ತಿದರೆ ಉತ್ತರ ಸಿಕ್ಕಂತೆಯೇ.

ಇದಕ್ಕೆ ಕಾರಣ ಜೀವಕೋಶದ ಮಟ್ಟದಲ್ಲಿದೆ. ವಿಶ್ರಾಂತಿಯಲ್ಲಿರುವ ನರಕೋಶದ ಒಳಭಾಗ ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ಋಣವಾಗಿರುತ್ತದೆ. ಸೋಡಿಯಂ ಅಯಾನುಗಳು ಒಳನುಗ್ಗಿದಾಗ ಸುಮಾರು 100 ಮಿಲಿವೋಲ್ಟ್‌ನಷ್ಟು ಏರಿಳಿಯುವ ಒಂದು ಮಿಡಿತ ಉಂಟಾಗಿ, ಒಂದೆರಡು ಮಿಲಿಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಇಷ್ಟು ಚುಟುಕಾದ ಮಿಡಿತಗಳು ಒಂದಕ್ಕೊಂದು ತಾಳ ಸೇರುವುದು ಅಪರೂಪವಾದ್ದರಿಂದ ಅವು ನೆತ್ತಿಯವರೆಗೆ ತಲುಪುವುದೇ ಇಲ್ಲ. ಇಇಜಿಯಲ್ಲಿ, ಅಂದರೆ ನೆತ್ತಿಯ ಮೇಲಿಂದ ಹಿಡಿಯುವ ಮಿದುಳಿನ ವಿದ್ಯುತ್ ದಾಖಲೆಯಲ್ಲಿ ಕಾಣುವುದು, ಒಂದೇ ದಿಕ್ಕಿಗೆ ಸಾಲಾಗಿ ನಿಂತ ಅಸಂಖ್ಯ ಪಿರಮಿಡ್ ಆಕಾರದ ನರಕೋಶಗಳ ನರಸಂಧಿಗಳಲ್ಲಿ (ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ದಾಟಿಸುವ ಜಾಗಗಳಲ್ಲಿ) ನಿಧಾನವಾಗಿ ಏರಿಳಿಯುವ ವಿಭವಗಳ ಒಟ್ಟು ಮೊತ್ತ. ಅದೂ ತಲೆಬುರುಡೆಯನ್ನು ದಾಟಿ ಬರುವಷ್ಟರಲ್ಲಿ ಮಸುಕಾಗಿ 10ರಿಂದ 100 ಮೈಕ್ರೊವೋಲ್ಟ್‌ಗೆ ಇಳಿದಿರುತ್ತದೆ. ಸ್ನಾಯುವಿನ ಕಥೆ ಬೇರೆ. ಅಲ್ಲಿ ಒಂದೇ ಚಾಲಕ ನರಕೋಶ ಹೇಳಿದ್ದನ್ನು ಅದರ ಅಧೀನದ ತಂತುಗಳೆಲ್ಲ, ದೊಡ್ಡ ಸ್ನಾಯುಗಳಲ್ಲಾದರೆ ನೂರಾರು ತಂತುಗಳು, ಒಟ್ಟಿಗೆ ಕೂಗಿ ಹೇಳುತ್ತವೆ, ಅದೂ ಚರ್ಮದ ಕೆಳಗೇ. ದೇಹವೇ ಕಟ್ಟಿಕೊಟ್ಟ ಆಂಪ್ಲಿಫೈಯರ್ ಅದು. ಮೇಲ್ಮೈಯಲ್ಲೇ ಒಂದೆರಡು ಮಿಲಿವೋಲ್ಟ್ ಸಿಗುತ್ತದೆ. ಆದ್ದರಿಂದ ಮೋಟರು ತಿರುಗಿಸುವುದೇ ನಿಮ್ಮ ಗುರಿಯಾಗಿದ್ದರೆ ಹಣೆಯನ್ನು ಬಿಟ್ಟು ಮುಂಗೈಗೆ ಬನ್ನಿ. 20ರಿಂದ 450 ಹರ್ಟ್ಸ್‌ವರೆಗಿನ ಸಿಗ್ನಲನ್ನು ಸೆಕೆಂಡಿಗೆ 1000 ಮಾದರಿಗಳಂತೆ ಹಿಡಿದರೆ ಸಾಕು.

ಮಿದುಳನ್ನೇ ನೋಡಬೇಕೆಂದಿದ್ದರೆ ಆಲ್ಫಾ ಅಲೆಯಿಂದ ಆರಂಭಿಸಿ. ಜರ್ಮನಿಯ ಮನೋವೈದ್ಯ ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯರ ಮೇಲೆ ದಾಖಲಿಸಲು ತೊಡಗಿ 1929ರಲ್ಲಿ ಪ್ರಕಟಿಸಿದ ಅಲೆ ಇದೇ. ತಲೆಯ ಹಿಂಭಾಗದಲ್ಲಿ ಕೂದಲನ್ನು ಬೈತಲೆಯಂತೆ ಸರಿಸಿ, ಬುಡಕ್ಕೆ ಪೇಸ್ಟ್ ಹಚ್ಚಿ ಎಲೆಕ್ಟ್ರೋಡ್ ಇಡಿ. ಕಣ್ಣು ಮುಚ್ಚಿದ ಒಂದೆರಡು ಸೆಕೆಂಡಿನಲ್ಲಿ 8ರಿಂದ 13 ಹರ್ಟ್ಸ್‌ನ ಅಲೆ ಉಬ್ಬಿ, ಕಣ್ಣು ತೆರೆದೊಡನೆ ಕುಗ್ಗಬೇಕು. ಕೆಲವರಲ್ಲಿ ಇದು ಸ್ವಭಾವತಃ ಕ್ಷೀಣವಾಗಿರುವುದರಿಂದ, ಕಾಣದಿದ್ದರೆ ಇನ್ನೊಬ್ಬರ ಮೇಲೂ ಪರೀಕ್ಷಿಸಿ.

ಉಕ್ಕಿನ ಗುಂಡಿಗಳನ್ನು ಮಾತ್ರ ದಯವಿಟ್ಟು ಬದಲಾಯಿಸಿ. ದೇಹದಲ್ಲಿ ವಿದ್ಯುತ್ತನ್ನು ಒಯ್ಯುವುದು ಅಯಾನುಗಳು, ತಂತಿಯಲ್ಲಿ ಎಲೆಕ್ಟ್ರಾನುಗಳು. ಇವೆರಡರ ನಡುವಿನ ವಿನಿಮಯ ಬೆಳ್ಳಿ ಮತ್ತು ಬೆಳ್ಳಿ ಕ್ಲೋರೈಡಿನ ಎಲೆಕ್ಟ್ರೋಡಿನಲ್ಲಿ ಸರಾಗವಾಗಿ ನಡೆಯುತ್ತದೆ. ಉಕ್ಕಿನ ಮೇಲೆ ಅದು ತಡವರಿಸಿ, ತಲೆ ಅಲುಗಿದಾಗಲೆಲ್ಲ ಗೆರೆ ಎತ್ತೆತ್ತಲೋ ತೇಲುತ್ತದೆ. ಗೋಡೆಯ ವಿದ್ಯುತ್ತಿನಿಂದ ಬರುವ 50 ಹರ್ಟ್ಸ್‌ನ ಗುಂಯ್ಗುಡುವಿಕೆಗೂ ಮೊದಲು ಫಿಲ್ಟರ್ ಹುಡುಕಬೇಡಿ: ಎರಡೂ ಎಲೆಕ್ಟ್ರೋಡುಗಳ ಸಂಪರ್ಕ ಸಮವಾಗಿದ್ದರೆ ಮಾತ್ರ ಆಂಪ್ಲಿಫೈಯರ್ ಆ ಗದ್ದಲವನ್ನು ಕಳೆದುಹಾಕಬಲ್ಲದು. ನಾನೊಮ್ಮೆ ಅರ್ಧ ದಿನ ಕೋಡ್ ತಿದ್ದಿ ಸೋತ ಮೇಲೆ ನೋಡಿದರೆ, ಕಿವಿಯ ಹಿಂದಿನ ಎಲೆಕ್ಟ್ರೋಡಿನ ಜೆಲ್ ಒಣಗಿ ಹಪ್ಪಳದಂತೆ ಎದ್ದುಬಂದಿತ್ತು.

ನಿಮ್ಮ ಚಿತ್ರದಲ್ಲಿ ಲ್ಯಾಪ್‌ಟಾಪಿಗೆ ಚಾರ್ಜರ್ ಸಿಕ್ಕಿಸಿರುವುದು ಕಾಣುತ್ತಿದೆ. ಉಳಿದುದನ್ನೆಲ್ಲ ಮರೆತರೂ ಇದನ್ನು ಮರೆಯಬೇಡಿ. ಎಲೆಕ್ಟ್ರೋಡುಗಳು ಮೈಮೇಲಿರುವಾಗ ಆ ಜಾಲದಲ್ಲಿರುವ ಯಾವ ಉಪಕರಣವೂ ಗೋಡೆಯ ವಿದ್ಯುತ್ತಿಗೆ ತಾಗಿರಬಾರದು. ಚಾರ್ಜರ್ ಕೆಟ್ಟರೆ, ಒಳ್ಳೆಯ ಜೆಲ್ ಹಚ್ಚಿದ ನಿಮ್ಮ ತಲೆಯೇ ಅದಕ್ಕೆ ಅತಿ ಸುಲಭದ ದಾರಿ.

ಒಳಗಿನ ಎಲೆಕ್ಟ್ರೋಡು ಹವ್ಯಾಸಿಗಳ ಕೆಲಸವಲ್ಲ, ವೈದ್ಯರ ಕೈಯಲ್ಲೂ ಅದು ಸಲೀಸಲ್ಲ. 2004ರಲ್ಲಿ ಆರಂಭವಾದ, ಮಿದುಳಿನ ಸಿಗ್ನಲಿನಿಂದಲೇ ಕಂಪ್ಯೂಟರ್ ನಡೆಸುವ ಬ್ರೈನ್‌ಗೇಟ್ ಪ್ರಯೋಗದಲ್ಲಿ ಪಾರ್ಶ್ವವಾಯು ಪೀಡಿತರ ಮಿದುಳಿಗೆ ಅಳವಡಿಸಿದ ಯೂಟಾ ಅರೇ 4 ಮಿಲಿಮೀಟರ್ ಚೌಕದಲ್ಲಿ 100 ಸಿಲಿಕಾನ್ ಸೂಜಿಗಳನ್ನು ಹೊತ್ತಿದ್ದು, ಒಂದೊಂದು ನರಕೋಶದ ಮಿಡಿತವನ್ನೂ ಕೇಳಬಲ್ಲದು. ಆದರೆ ಮಿದುಳು ಬಹಳ ಮೃದು. ಉಸಿರಿಗೂ ನಾಡಿಗೂ ಅದು ಅಲುಗುತ್ತಿರುತ್ತದೆ, ಸೂಜಿ ಅಲುಗಿದಂತೆ ಬಾಗುವುದಿಲ್ಲ. ಸೂಜಿ ಚುಚ್ಚಿದ ಗಾಯದ ಸುತ್ತ ಮಿದುಳಿನ ರಕ್ಷಣಾ ಮತ್ತು ಆಸರೆ ಕೋಶಗಳಾದ ಮೈಕ್ರೋಗ್ಲಿಯಾ, ಆಸ್ಟ್ರೋಸೈಟ್‌ಗಳು ಕವಚ ಕಟ್ಟಿ, ತಿಂಗಳುಗಳು ಕಳೆದಂತೆ ಕೇಳಿಸುವ ನರಕೋಶಗಳ ಸಂಖ್ಯೆ ಇಳಿಯುವುದುಂಟು. ಆದರೂ ಅಳವಡಿಸಿ 1000 ದಿನಗಳಾದ ಮೇಲೂ ಒಬ್ಬ ಮಹಿಳೆ ಅದರ ಮೂಲಕ ಕರ್ಸರ್ ನಡೆಸಿದ್ದನ್ನು 2011ರಲ್ಲಿ ವರದಿ ಮಾಡಲಾಯಿತು.

ಹಲ್ಲು ಕಚ್ಚುವ ಪರೀಕ್ಷೆಯನ್ನು ಬ್ಯಾಟರಿಯ ಮೇಲೆ ಮಾಡಿ, ಎರಡೂ ಅಲೆಗಳನ್ನು ಒಂದೇ ಅಳತೆಪಟ್ಟಿಯಲ್ಲಿ ಇಲ್ಲಿ ಹಾಕಿ; ನಿಮ್ಮ ಆಂಪ್ಲಿಫೈಯರಿನ ಗೇನ್, ಅಂದರೆ ಅದು ಸಿಗ್ನಲನ್ನು ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬುದನ್ನೂ ಬರೆಯಿರಿ.