ಲಾಕ್‌ಡೌನ್‌ನಲ್ಲಿ ಒಬ್ಬರೇ ಇದ್ದವರು ದಿನ ಹೇಗೆ ಕಳೆದಿರಿ? ಧ್ಯಾನ, ದಿನಚರಿ ನೆರವಾದವೇ?

ಪುಣೆಯಲ್ಲಿ ಒಬ್ಬರೇ ಕೋಣೆ ಮಾಡಿಕೊಂಡಿದ್ದೇನೆ, ಅಕ್ಕಪಕ್ಕದವರ ಪರಿಚಯವಿಲ್ಲ, ಅಂಥ ದಿನಗಳು ಮತ್ತೆ ಬಂದರೆ ಏನು ಮಾಡಲಿ ಎಂದು ಕೇಳಿದ್ದೀರಿ. 2020ರ ಮಾರ್ಚ್‌ನಲ್ಲಿ ನಾನೂ ಹೀಗೆಯೇ ಇದ್ದೆ.

ಮುಂಬೈನ ಲಾಲ್‌ಬಾಗ್‌ನಲ್ಲಿ ಒಂದು ಹಳೆಯ ಚಾಳು, ಅಂದರೆ ಸಾಲುಕೋಣೆಗಳ ವಠಾರ, ಎರಡನೆಯ ಮಹಡಿ. ಊರು ಕುಂದಾಪುರದ ಕಡೆ. ಮಸ್ಜಿದ್ ಬಂದರಿನ ಒಂದು ಗೋದಾಮಿನಲ್ಲಿ ಲೆಕ್ಕ ಬರೆಯುವ ಕೆಲಸ. ಕೋಣೆಯಲ್ಲಿ ಒಲೆ ಹಚ್ಚಬಾರದು ಎಂಬುದು ಮಾಲೀಕರ ಷರತ್ತು. ಆರು ವರ್ಷ ನನ್ನ ಮೂರು ಹೊತ್ತಿನ ಊಟ ನಮ್ಮೂರಿನವರ ಹೋಟೆಲಿನಲ್ಲೇ ನಡೆದಿತ್ತು. ಮಾರ್ಚ್ 22ರ ಜನತಾ ಕರ್ಫ್ಯೂಗೆ ಮೊದಲೇ ಅಲ್ಲಿಯ ಹುಡುಗರು ಊರಿನ ಬಸ್ ಹತ್ತಿದ್ದರು. ಆ ರಾತ್ರಿ ಲೋಕಲ್ ರೈಲುಗಳೂ ನಿಂತವು. ಕರಿ ರೋಡ್ ನಿಲ್ದಾಣದ ಕಡೆಯಿಂದ ಸದಾ ಕೇಳುತ್ತಿದ್ದ ಗಡಗಡ ಸದ್ದಿಲ್ಲದೆ ನನಗೆ ನಿದ್ದೆಯೇ ಹತ್ತಲಿಲ್ಲ. 24ರ ರಾತ್ರಿ ಪ್ರಧಾನಿಯವರು 21 ದಿನಗಳ ಲಾಕ್‌ಡೌನ್ ಘೋಷಿಸಿದಾಗ ಕಿರಾಣಿ ಅಂಗಡಿಗೆ ಓಡಿದೆ. ನನ್ನ ಸರದಿ ಬರುವಾಗ ಉಳಿದಿದ್ದದ್ದು ಬಿಸ್ಕತ್ತು, ಅವಲಕ್ಕಿ, ಬೆಲ್ಲ.

ದಿನಚರಿ ನನಗೂ ಇತ್ತು. ಐದಕ್ಕೆ ಏಳುವುದು, ಸೂರ್ಯನಮಸ್ಕಾರ, ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ ಕೂರುವುದು. ಗೋಡೆಗೆ ಕಾಗದ ಅಂಟಿಸಿ ದಿನಾ ಗುರುತು ಹಾಕುತ್ತಿದ್ದೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಎರಡನೆಯ ದಿನ ಪಕ್ಕದ ಮನೆಯ ಕಾಕು (ಮರಾಠಿಯಲ್ಲಿ ಚಿಕ್ಕಮ್ಮ) ನಲ್ಲಿಯ ಹತ್ತಿರ ಸಿಕ್ಕಿ, "ಜೇವಣ್ ಝಾಲಂ ಕಾ?" ಎಂದು ಕೇಳಿದರು. ಊಟವಾಯಿತೇ ಎಂದಷ್ಟೆ. "ಝಾಲಂ" ಎಂದೆ. ಆಗಿರಲಿಲ್ಲ. ಮರುದಿನವೂ ಕೇಳಿದರು, ಮರುದಿನವೂ ಅದನ್ನೇ ಹೇಳಿದೆ. ಹದಿನಾಲ್ಕು ದಿನ ಹೀಗೆಯೇ ನಡೆಯಿತು. ಯಾಕೆ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಯಾರಾದರೂ ಊಟವಾಯಿತೇ ಎಂದರೆ ಆಯಿತು ಎನ್ನಬೇಕು, ಇಲ್ಲವೆಂದರೆ ಬೇಡಿದಂತೆ ಎಂದು ಚಿಕ್ಕಂದಿನಲ್ಲಿ ಅಮ್ಮ ಹೇಳಿಕೊಟ್ಟಿದ್ದರು. ಅದು ಒಂದು ಕಾರಣ. ಆರು ವರ್ಷ ಒಂದೇ ಗೋಡೆ ಹಂಚಿಕೊಂಡು ನಾನು ಅವರನ್ನು ಒಮ್ಮೆಯೂ ಏನೂ ವಿಚಾರಿಸಿರಲಿಲ್ಲ. ಈಗ ಯಾವ ಮುಖದಲ್ಲಿ ಕೇಳಲಿ ಎಂಬುದು ಇನ್ನೊಂದು. ಅವರ ಮನೆಯ ಆದಾಯ ನನ್ನ ಸಂಬಳಕ್ಕಿಂತ ಕಡಿಮೆ ಎಂಬುದೂ ಗೊತ್ತಿತ್ತು. ಇವೆಲ್ಲವನ್ನೂ ಸೇರಿಸಿ ನಾನು ಅದಕ್ಕೆ ಸಂಕೋಚ ಎಂದು ಹೆಸರಿಟ್ಟುಕೊಂಡಿದ್ದೆ. ಇಂದು ಯೋಚಿಸಿದರೆ ಅದು ಅಹಂಕಾರ. ಕಾಕುವಿನ ಯಜಮಾನರು ಬಟ್ಟೆ ಗಿರಣಿಯ ಕಾರ್ಮಿಕರಾಗಿದ್ದವರು. 1982ರಲ್ಲಿ ಮುಂಬೈನ ಗಿರಣಿ ಕಾರ್ಮಿಕರು ಹೂಡಿದ ಮುಷ್ಕರದ ದಿನಗಳಲ್ಲಿ ಒಲೆ ಹಚ್ಚದ ರಾತ್ರಿಗಳನ್ನು ಆ ಮನೆ ಕಂಡಿತ್ತು. ಹಸಿದ ಮುಖ ಅವರಿಗೆ ಗೊತ್ತಾಗದೆ ಇರುತ್ತದೆಯೇ? ನನ್ನ ಮಾತಿಗೆ ಮರ್ಯಾದೆ ಕೊಟ್ಟು ಸುಮ್ಮನಿದ್ದರು, ಅಷ್ಟೆ.

ಹದಿನೈದನೆಯ ದಿನ ನೀರು ಹಿಡಿಯಲು ಹೋದವನು ಮೆಟ್ಟಿಲ ಮೇಲೆ ಕಣ್ಣು ಕತ್ತಲಿಟ್ಟು ಬಿದ್ದೆ. ಆ ಏಪ್ರಿಲ್‌ನಲ್ಲಿ ಮನುಷ್ಯ ಬಿದ್ದನೆಂದರೆ ಎಲ್ಲರ ಬಾಯಲ್ಲೂ ಬರುತ್ತಿದ್ದದ್ದು ಒಂದೇ ಹೆಸರು. ಇಡೀ ಮಹಡಿಯ ಬಾಗಿಲುಗಳು ಮುಚ್ಚಿಕೊಂಡವು. ಸಾಮಾನ್ಯ ಶೌಚಾಲಯವನ್ನು ಇಡೀ ಮಹಡಿ ಬಳಸುವ ಜಾಗ ಅದು, ಹೆದರಿದವರನ್ನು ನಾನು ದೂರುವುದಿಲ್ಲ. ನನ್ನನ್ನು ಎತ್ತಿ ಕೂರಿಸಿ ಸಕ್ಕರೆ ನೀರು ಕುಡಿಸಿದವನು ಕಾಕುವಿನ ಮಗ. ಹಾಲಿನ ಟೆಂಪೊ ಓಡಿಸುತ್ತಿದ್ದ, ದಿನಗೂಲಿ. ಪರೀಕ್ಷೆಗೆ ಗಂಟಲ ದ್ರವ ಕೊಟ್ಟು ವರದಿಗೆ ಮೂರು ದಿನ ಕಾದೆವು. ಸೋಂಕು ಇರಲಿಲ್ಲ, ಇದ್ದದ್ದು ಹಸಿವು. ಆದರೆ ನನ್ನನ್ನು ಮುಟ್ಟಿದನೆಂಬ ಸುದ್ದಿ ಟೆಂಪೊ ಮಾಲೀಕರಿಗೆ ತಲುಪಿ, ಹದಿನಾಲ್ಕು ದಿನ ಬರಬೇಡ ಎಂದಿದ್ದರು. ವರದಿ ತೋರಿಸಿದರೂ ಒಪ್ಪಲಿಲ್ಲ. ನನ್ನ ಒಂದು "ಝಾಲಂ"ಗೆ ಆ ಹುಡುಗ ಹದಿನಾಲ್ಕು ದಿನಗಳ ಕೂಲಿ ತೆತ್ತ. ಅದು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಆ ಹಣ ಕೊಡಲು ಹೋದರೆ ಕಾಕು ಮುಟ್ಟಲಿಲ್ಲ. ಬೈದರು, ಮಣೆ ಹಾಕಿ ಬಡಿಸಿದರು. ಮುಂದೆ ಅಕ್ಕಿ, ಬೇಳೆ, ಎಣ್ಣೆ, ಸಿಲಿಂಡರ್ ನನ್ನದು, ಅಡುಗೆ ಅವರದು ಎಂದು ಮಾತಾಯಿತು. ತರಕಾರಿ ಸಾಲಿನಲ್ಲಿ ನಿಲ್ಲುವುದು ನನ್ನ ಪಾಲು. ಗೋಡೆಯ ಕಾಗದಕ್ಕೆ ಗುರುತು ಹಾಕುವುದು ಯಾವಾಗ ಬಿಟ್ಟೆನೋ ನೆನಪಿಲ್ಲ.

ಹಾಗಾಗಿ ಧ್ಯಾನವೋ ದಿನಚರಿಯೋ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಧ್ಯಾನ ಕೆಟ್ಟದ್ದೆಂದಲ್ಲ, ಆದರೆ ನೀವು ಕೇಳುತ್ತಿರುವುದು ಮುಚ್ಚಿದ ಬಾಗಿಲಿನೊಳಗೆ ಒಬ್ಬರೇ ಹೇಗೆ ಬದುಕುವುದೆಂದು. ಹಾಗೆ ಬದುಕಬೇಡಿ. ಲಾಕ್‌ಡೌನ್ ಬರುವವರೆಗೆ ಕಾಯಲೂ ಬೇಡಿ, ಈ ವಾರವೇ ಪಕ್ಕದ ಮನೆಯವರ ಹೆಸರು ಕೇಳಿ ತಿಳಿದುಕೊಳ್ಳಿ. ನೀವಾಗಿಯೇ ಏನಾದರೂ ಸಣ್ಣ ಸಹಾಯ ಕೇಳಿ, ಒಂದು ಬಟ್ಟಲು ಸಕ್ಕರೆಯಾದರೂ ಸರಿ. ಕೇಳಿಸಿಕೊಂಡವರು ನಾಳೆ ನಿಮ್ಮನ್ನು ಕೇಳಲು ಹಿಂಜರಿಯುವುದಿಲ್ಲ. ಒಂದು ಚಿಕ್ಕ ಒಲೆಯನ್ನೂ ಇಟ್ಟುಕೊಳ್ಳಿ. ಮಾಲೀಕರು ಬೇಡವೆಂದರೆ ಕೋಣೆ ಬದಲಿಸಿ.

ಆ ವರ್ಷ ಗಣೇಶ ಚತುರ್ಥಿಗೆ ಲಾಲ್‌ಬಾಗ್‌ಚಾ ರಾಜಾನ ಮೂರ್ತಿಯನ್ನು ಕೂರಿಸಲಿಲ್ಲ. ಬದಲಿಗೆ ಮಂಡಳಿಯವರು ರಕ್ತದಾನ, ಪ್ಲಾಸ್ಮಾ ದಾನದ ಶಿಬಿರ ನಡೆಸಿದರು. ನಾನೂ ಕಾಕುವಿನ ಮಗನೂ ರಕ್ತ ಕೊಡಲು ಹೋದೆವು. ಸೂಜಿ ಚುಚ್ಚುವ ಮುನ್ನ ಅಲ್ಲಿದ್ದ ಹುಡುಗಿ ನನ್ನನ್ನು ಕೇಳಿದಳು, "ಜೇವಣ್ ಝಾಲಂ ಕಾ?" ಆಗಿತ್ತು. ಅಕ್ಕಿಯ ಭಾಕರಿ, ಹೆಸರುಕಾಳಿನ ಉಸಳ.